ಸೂಜಿಯಲ್ಲಿ ತೆಗೆದ ಕೋಶಗಳಷ್ಟರಿಂದಲೇ ಮಗುವಿನ ಯಕೃತ್ತಿನ ಗಡ್ಡೆಯನ್ನು ನಿರ್ಧರಿಸಬಹುದೇ?

ಪ್ರಶ್ನೆ (ಮಗುವಿನ ಸೋದರಮಾವ)

ನನ್ನ ತಂಗಿಯ ಮಗನಿಗೆ ಈಗ 14 ತಿಂಗಳು. ಮೂರು ವಾರಗಳ ಹಿಂದೆ ಎಣ್ಣೆ ಹಚ್ಚಿ ಎರೆಯುವಾಗ ಬಲಗಡೆ ಪಕ್ಕೆಲುಬಿನ ಕೆಳಗೆ ಗಟ್ಟಿಯಾದದ್ದೇನೋ ನಮ್ಮ ತಾಯಿಯವರ ಕೈಗೆ ಸಿಕ್ಕಿತು. ಸ್ಕ್ಯಾನಿಂಗಿನಲ್ಲಿ ಯಕೃತ್ತಿನ ಬಲಭಾಗದಲ್ಲಿ ಸುಮಾರು 8 ಸೆಂಟಿಮೀಟರಿನ ಗಡ್ಡೆ ಕಂಡಿದ್ದು, ರಕ್ತದಲ್ಲಿ ಎಎಫ್‌ಪಿ (ಆಲ್ಫಾ ಫೀಟೋಪ್ರೋಟೀನ್, ಇಂತಹ ಗಡ್ಡೆಗಳಲ್ಲಿ ಏರುವ ಪ್ರೋಟೀನು) ಎರಡು ಲಕ್ಷ ದಾಟಿದೆ. ನಮ್ಮ ಜಿಲ್ಲೆಯಲ್ಲೇ ಎಫ್‌ಎನ್‌ಎಸಿ (ತೆಳು ಸೂಜಿಯಿಂದ ಕೋಶಗಳನ್ನು ಹೀರಿ ನೋಡುವ ಪರೀಕ್ಷೆ) ಮಾಡಿಸಿದೆವು. ಹೆಪಟೋಬ್ಲಾಸ್ಟೋಮಾ (ಎಳೆಯ ಮಕ್ಕಳ ಯಕೃತ್ತಿನ ಕ್ಯಾನ್ಸರ್) ಇರುವ ಸೂಚನೆಯಿದೆ, ಫೀಟಲ್ ಮಾದರಿಯ ಕೋಶಗಳೇ ಹೆಚ್ಚು ಕಂಡಿವೆ, ಅಂಗಾಂಶ ಪರೀಕ್ಷೆಯೊಡನೆ ತಾಳೆ ನೋಡಬೇಕು ಎಂದು ವರದಿ ಬಂದಿದೆ. ಈಗ ಬೆಂಗಳೂರಿನ ವೈದ್ಯರು ದಪ್ಪ ಸೂಜಿಯ ಬಯಾಪ್ಸಿ (ಅಂಗಾಂಶದ ಚೂರನ್ನೇ ತೆಗೆದು ನೋಡುವ ಪರೀಕ್ಷೆ) ಆಗಲೇಬೇಕೆನ್ನುತ್ತಿದ್ದಾರೆ. ಒಮ್ಮೆ ಚುಚ್ಚಿ ಹೆಸರು ಹೇಳಿದ ಮೇಲೆ ಮತ್ತೊಮ್ಮೆ ಚುಚ್ಚುವುದೇಕೆ? ಚುಚ್ಚಿದಷ್ಟೂ ಗಡ್ಡೆ ಕೆರಳುತ್ತದೆ ಎಂದು ಮನೆಯ ಹಿರಿಯರು ಹೆದರಿದ್ದಾರೆ. ಜೊತೆಗೆ, ಫೀಟಲ್ ಮಾದರಿಯಾದರೆ ಕೀಮೋಥೆರಪಿಯೇ ಬೇಡ ಎಂದು ಎಲ್ಲೋ ಓದಿದೆ. ಅದು ನಿಜವೇ?

ಉತ್ತರ 1 (ಕೋಶರೋಗಶಾಸ್ತ್ರ ವಿಭಾಗದಲ್ಲಿರುವವರು)

ನಿಮ್ಮ ಜಿಲ್ಲೆಯ ವರದಿ ಸರಿಯಾಗಿಯೇ ಬರೆದ ವರದಿ. ತನಗೆ ಕಂಡಷ್ಟನ್ನು ಹೇಳಿ, ಕಾಣದ್ದನ್ನು ಮುಂದಿನ ಪರೀಕ್ಷೆಗೆ ಬಿಟ್ಟಿದೆ. ಈ ವಯಸ್ಸಿನ ಮಕ್ಕಳ ಯಕೃತ್ತಿನಲ್ಲೇ ಹುಟ್ಟುವ ಕ್ಯಾನ್ಸರ್‌ಗಳಲ್ಲಿ ಹೆಪಟೋಬ್ಲಾಸ್ಟೋಮಾವೇ ಅತಿ ಸಾಮಾನ್ಯವಾದುದು, ಬಹುಪಾಲು ಮೂರು ವರ್ಷದೊಳಗೇ ಕಾಣಿಸಿಕೊಳ್ಳುತ್ತದೆ. ಎಎಫ್‌ಪಿಯನ್ನು ಮಾತ್ರ ವಯಸ್ಸಿನ ಪಕ್ಕದಲ್ಲಿಟ್ಟೇ ಓದಬೇಕು. ಹುಟ್ಟಿದ ಮಗುವಿನಲ್ಲಿ ಅದು ಸಹಜವಾಗಿಯೇ ಪ್ರತಿ ಮಿಲಿಲೀಟರಿಗೆ ಹತ್ತಾರು ಸಾವಿರ ನ್ಯಾನೋಗ್ರಾಂ ಇರುತ್ತದೆ, ವರ್ಷ ತುಂಬುವ ಹೊತ್ತಿಗೆ 10ರ ಆಸುಪಾಸಿಗೆ ಇಳಿಯುತ್ತದೆ. ಹಾಗಾಗಿ ಎರಡು ತಿಂಗಳ ಕೂಸಿನಲ್ಲಿ ಏರಿದ ಎಎಫ್‌ಪಿ ನಮ್ಮನ್ನು ದಾರಿ ತಪ್ಪಿಸಬಹುದು. 14 ತಿಂಗಳಲ್ಲಿ ಎರಡು ಲಕ್ಷವೆಂದರೆ ಅನುಮಾನಕ್ಕೆ ಹೆಚ್ಚು ಎಡೆಯಿಲ್ಲ.

ಇನ್ನು ಗಾಜಿನ ಮೇಲೆ ಕಾಣುವುದೇನು ಎಂಬುದು. ಫೀಟಲ್ ಕೋಶಗಳು ಗರ್ಭಸ್ಥ ಶಿಶುವಿನ ಯಕೃತ್ತಿನ ಕೋಶಗಳನ್ನು ಹೋಲುತ್ತವೆ: ಸಹಜ ಕೋಶಕ್ಕಿಂತ ತುಸು ಚಿಕ್ಕವು, ದುಂಡನೆಯ ಒಂದೇ ತೆರನಾದ ಕೋಶಕೇಂದ್ರ, ಗ್ಲೈಕೋಜನ್ ಮತ್ತು ಕೊಬ್ಬು ತುಂಬಿ ಕೆಲವೆಡೆ ತಿಳಿಯಾದ, ಕೆಲವೆಡೆ ಕಣಕಣವಾದ ಕೋಶರಸ. ತೊಡಕು ಇಲ್ಲಿಯೇ ಇದೆ. ಅವು ಎಷ್ಟು ಸೌಮ್ಯವಾಗಿ ಕಾಣುತ್ತವೆಂದರೆ, ಸೂಜಿ ಗಡ್ಡೆಯನ್ನು ತಪ್ಪಿ ಪಕ್ಕದ ಆರೋಗ್ಯವಂತ ಯಕೃತ್ತಿಗೆ ಹೋಗಿತ್ತೇನೋ ಎಂಬ ಅನುಮಾನ ಬರುತ್ತದೆ. ಆಗ ನಾವು ಹುಡುಕುವುದು ರಕ್ತೋತ್ಪಾದಕ ಕೋಶಗಳನ್ನು, ಅಂದರೆ ಎಳೆಯ ಕೆಂಪುಕಣಗಳನ್ನು ಮತ್ತು ಪ್ಲೇಟ್‌ಲೆಟ್ ತಯಾರಿಸುವ ಮೆಗಾಕ್ಯಾರಿಯೋಸೈಟ್‌ಗಳನ್ನು. ಭ್ರೂಣಾವಸ್ಥೆಯ ಯಕೃತ್ತು ರಕ್ತ ತಯಾರಿಸುತ್ತದೆ, ಆ ಹಳೆಯ ಚಾಳಿಯನ್ನು ಈ ಗಡ್ಡೆಯೂ ಮುಂದುವರಿಸುತ್ತದೆ. ಹದಿನಾಲ್ಕು ತಿಂಗಳ ಮಗುವಿನ ಯಕೃತ್ತಿನ ಸ್ಮಿಯರಿನಲ್ಲಿ (ಗಾಜಿನ ಮೇಲೆ ಸವರಿದ ಕೋಶಗಳಲ್ಲಿ) ಅವು ಗುಂಪಾಗಿ ಸಿಕ್ಕರೆ ನನ್ನ ಮಟ್ಟಿಗೆ ಅದು ಬಲವಾದ ಸಾಕ್ಷ್ಯ.

ಇದೇ ಗಡ್ಡೆಯಲ್ಲಿರಬಹುದಾದ, ಇನ್ನೂ ಎಳೆಯ ಹಂತದ ಎಂಬ್ರಿಯೋನಲ್ ಕೋಶಗಳ ತೊಡಕು ಇದಕ್ಕೆ ವಿರುದ್ಧವಾದುದು. ಕೋಶಕೇಂದ್ರ ದೊಡ್ಡದು, ಕೋಶರಸ ಕಡಿಮೆ, ಅಲ್ಲಲ್ಲಿ ಹೂವಿನಂತಹ ವೃತ್ತಗಳು. ಹೀಗಾಗಿ ಯಕೃತ್ತಿಗೆ ಹರಡಿದ ನ್ಯೂರೋಬ್ಲಾಸ್ಟೋಮಾದೊಡನೆ (ಎಳೆಯ ನರಕೋಶಗಳ ಕ್ಯಾನ್ಸರ್) ಗೊಂದಲವಾಗುತ್ತದೆ. ನ್ಯೂರೋಬ್ಲಾಸ್ಟೋಮಾದ ವೃತ್ತದ ನಡುವೆ ನರತಂತುಗಳ ನವಿರಾದ ಬಲೆಯಿರುತ್ತದೆ. ಅದರಲ್ಲಿ ಎಎಫ್‌ಪಿ ಸಾಮಾನ್ಯವಾಗಿ ಏರಿರುವುದಿಲ್ಲ, ಮೂತ್ರದಲ್ಲಿ ಕ್ಯಾಟೆಕೊಲಮೈನ್ (ಅಡ್ರಿನಲಿನ್ ಗುಂಪಿನ ರಾಸಾಯನಿಕ) ಅಂಶಗಳು ಏರಿರುತ್ತವೆ.

ಒಂದು ಅಗುಳು ಹಿಸುಕಿ ಅನ್ನ ಬೆಂದಿದೆಯೇ ಎಂದು ಹೇಳುತ್ತೇವೆ. ಈ ಮಡಕೆಯಲ್ಲಿ ಆ ನ್ಯಾಯ ಅರ್ಧ ಮಾತ್ರ ನಡೆಯುತ್ತದೆ: ಇದು ಅಕ್ಕಿಯೋ ರಾಗಿಯೋ ಎಂದು ಒಂದು ಅಗುಳಿನಿಂದ ಹೇಳಬಹುದು, ಎಲ್ಲ ಕಡೆ ಒಂದೇ ಹದದಲ್ಲಿ ಬೆಂದಿದೆ ಎಂದು ಹೇಳಲಾಗದು. ಒಂದೇ ಗಡ್ಡೆಯ ಒಂದು ಮೂಲೆ ಫೀಟಲ್, ಇನ್ನೊಂದು ಎಂಬ್ರಿಯೋನಲ್, ಮತ್ತೊಂದೆಡೆ ಮೂಳೆಯಂತಹ ಆಸ್ಟಿಯಾಯ್ಡ್ ಇರಬಹುದು. ತೆಳು ಸೂಜಿ ಹೀರಿ ತರುವುದು ಸಡಿಲವಾದ ಕೋಶಗಳನ್ನು; ಅವು ಹೇಗೆ ಹೆಣೆದುಕೊಂಡಿದ್ದವು ಎಂಬುದು ಗಾಜಿನ ಮೇಲೆ ಉಳಿಯುವುದಿಲ್ಲ.

ಉತ್ತರ 2 (ಮಕ್ಕಳ ಶಸ್ತ್ರಚಿಕಿತ್ಸಕ)

ಕೀಮೋಥೆರಪಿಯ ಮಾತಿಗೆ ಉತ್ತರಿಸುತ್ತೇನೆ. ನೀವು ಓದಿದ್ದು ಸುಳ್ಳಲ್ಲ, ಆದರೆ ಅದು ಬೇರೆ ಸಂದರ್ಭಕ್ಕೆ ಸೇರಿದ್ದು. ಗಡ್ಡೆಯನ್ನು ಮೊದಲೇ ಪೂರ್ತಿಯಾಗಿ ಕತ್ತರಿಸಿ ತೆಗೆದು, ಅದರ ಎಲ್ಲ ಭಾಗಗಳನ್ನು ಪರೀಕ್ಷಿಸಿ, ಉದ್ದಕ್ಕೂ ಚೆನ್ನಾಗಿ ಬಲಿತ ಶುದ್ಧ ಫೀಟಲ್ ಮಾದರಿಯೇ ಇದೆ ಎಂದು ಖಚಿತವಾದ ಮೇಲೆ ಮಾತ್ರ ಕೀಮೋ ಬಿಡುವ ಮಾತು ಬರುತ್ತದೆ. ಎಫ್‌ಎನ್‌ಎಸಿಯಿರಲಿ, ದಪ್ಪ ಸೂಜಿಯ ಬಯಾಪ್ಸಿಯಿಂದಲೂ ಅದನ್ನು ತೀರ್ಮಾನಿಸಲಾಗದು. ಹೆಚ್ಚಿನ ಮಕ್ಕಳಿಗೆ ಮೊದಲು ಸಿಸ್‌ಪ್ಲಾಟಿನ್ ಆಧಾರಿತ ಔಷಧ ಕೊಟ್ಟು ಗಡ್ಡೆಯನ್ನು ಕುಗ್ಗಿಸಿ, ಆಮೇಲೆ ಶಸ್ತ್ರಚಿಕಿತ್ಸೆ ಮಾಡುತ್ತೇವೆ.

ಚುಚ್ಚಿದರೆ ಕೆರಳುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ರಕ್ತಸ್ರಾವದ ಅಪಾಯ ಮಾತ್ರ ನಿಜ. ಅದಕ್ಕಾಗಿಯೇ ಪ್ಲೇಟ್‌ಲೆಟ್ ಮತ್ತು ರಕ್ತ ಹೆಪ್ಪುಗಟ್ಟುವ ಪರೀಕ್ಷೆಗಳನ್ನು ಮೊದಲೇ ಮಾಡುತ್ತಾರೆ, ಅಲ್ಟ್ರಾಸೌಂಡ್ ನೋಡುತ್ತಲೇ, ಸ್ವಲ್ಪ ಸಹಜ ಯಕೃತ್ತನ್ನು ಹಾದು ಗಡ್ಡೆಯನ್ನು ತಲುಪುವಂತೆ ಸೂಜಿ ಇಳಿಸುತ್ತಾರೆ. ಗಡ್ಡೆಯಿಂದ ರಕ್ತವಾಗಲಿ ಕೋಶಗಳಾಗಲಿ ನೇರವಾಗಿ ಹೊಟ್ಟೆಯೊಳಗೆ ಸೋರದಂತೆ ಆ ಪದರ ತಡೆಯುತ್ತದೆ.

ಉತ್ತರ 3 (ನಿವೃತ್ತ ರೋಗಶಾಸ್ತ್ರಜ್ಞ)

ಮೇಲಿನವರ ಮಾತನ್ನು ಒಪ್ಪುತ್ತಲೇ ಒಂದು ತಕರಾರು. ಮಕ್ಕಳ ಯಕೃತ್ತಿನ ಗಡ್ಡೆಗಳನ್ನು ಅಧ್ಯಯನ ಮಾಡುವ ಯುರೋಪಿನ ಸಿಯೋಪೆಲ್ ತಂಡದ ಹಿಂದಿನ ನಿಯಮಗಳಲ್ಲಿ 6 ತಿಂಗಳಿಂದ 3 ವರ್ಷದವರೆಗಿನ, ಎಎಫ್‌ಪಿ ಬಹಳ ಏರಿದ ಮಕ್ಕಳಿಗೆ ಬಯಾಪ್ಸಿಯಿಲ್ಲದೆಯೂ ಚಿಕಿತ್ಸೆ ಆರಂಭಿಸಲು ಅವಕಾಶವಿತ್ತು. ಹಾಗಿರುವಾಗ ಸ್ಪಷ್ಟವಾದ ಸ್ಮಿಯರ್ ಕೈಯಲ್ಲಿದ್ದೂ, ಬಯಾಪ್ಸಿಯ ಸರದಿಗಾಗಿ ಮಗುವನ್ನು ವಾರಗಟ್ಟಲೆ ಕಾಯಿಸುವುದು ನನಗೆ ಸರಿ ಕಾಣುವುದಿಲ್ಲ. ಹೀರಿದ ದ್ರವ್ಯದಿಂದ ಸೆಲ್ ಬ್ಲಾಕ್ (ಕೋಶಗಳನ್ನು ಒಟ್ಟುಗೂಡಿಸಿ ಮೇಣದಲ್ಲಿ ಹುದುಗಿಸಿದ ತುಂಡು) ಮಾಡಿಟ್ಟರೆ ಬಹಳಷ್ಟು ವಿಶೇಷ ಪರೀಕ್ಷೆಗಳನ್ನು ಅದರ ಮೇಲೆಯೇ ಮಾಡಬಹುದು.

ಉತ್ತರ 1ರವರ ಮರುನುಡಿ

ವಿಳಂಬದ ವಿಷಯದಲ್ಲಿ ತಮ್ಮ ಮಾತಿಗೆ ನನ್ನ ವಿರೋಧವಿಲ್ಲ, ಸೆಲ್ ಬ್ಲಾಕಿನ ಬಗೆಗಂತೂ ಪೂರ್ಣ ಸಮ್ಮತಿ. ಗ್ಲಿಪಿಕನ್-3 ಮತ್ತು ಬೀಟಾ ಕೆಟೆನಿನ್ ಎಂಬ ಪ್ರೋಟೀನುಗಳನ್ನು ತೋರಿಸುವ ಬಣ್ಣಗಳು ಅದರ ಮೇಲೆ ಚೆನ್ನಾಗಿ ಹಿಡಿಯುತ್ತವೆ. ಬೀಟಾ ಕೆಟೆನಿನ್ ಸಹಜ ಕೋಶದಲ್ಲಿ ಹೊರಪೊರೆಯ ಬಳಿ ಇರುತ್ತದೆ. ಹೆಪಟೋಬ್ಲಾಸ್ಟೋಮಾದಲ್ಲಿ ಅದರ ಜೀನ್ ಕೆಟ್ಟಿರುವುದರಿಂದ ಎಷ್ಟೋ ಸಲ ಕೋಶಕೇಂದ್ರದೊಳಗೆ ಬಂದು ಕೂರುತ್ತದೆ. ಆದರೂ ಬಯಾಪ್ಸಿಯನ್ನು ಬಿಡದಿರಲು ನನ್ನ ದೊಡ್ಡ ಕಾರಣ, ಇನ್ನೂ ಬಲಿಯದ ಸಣ್ಣಕೋಶಗಳ ಭಾಗವೊಂದು ಗಡ್ಡೆಯಲ್ಲಿ ಅಡಗಿರಬಹುದೆಂಬುದು. ಅವುಗಳಲ್ಲಿ ಐಎನ್‌ಐ-1 ಪ್ರೋಟೀನು ಕಾಣೆಯಾಗಿದ್ದರೆ ಅದು ರಾಬ್ಡಾಯ್ಡ್ ಗಡ್ಡೆ ಎಂಬ ಬೇರೆಯೇ ಕ್ಯಾನ್ಸರ್, ಅದಕ್ಕೆ ಕೊಡುವ ಔಷಧಗಳೇ ಬೇರೆ. ಎಎಫ್‌ಪಿ ಎರಡು ಲಕ್ಷವಿರುವ ಈ ಮಗುವಿನಲ್ಲಿ ಆ ಸಾಧ್ಯತೆ ಕಡಿಮೆ. ಆದರೆ ಒಮ್ಮೆ ಕೀಮೋ ಆರಂಭವಾದ ಮೇಲೆ ಗಡ್ಡೆಯ ಮೂಲರೂಪ ಮತ್ತೆ ನೋಡಸಿಗುವುದಿಲ್ಲ, ಔಷಧದ ಪರಿಣಾಮವೇ ಅದನ್ನು ಬದಲಿಸಿಬಿಟ್ಟಿರುತ್ತದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ವಂದನೆಗಳು. ಬಯಾಪ್ಸಿಗೆ ಒಪ್ಪಿದ್ದೇವೆ, ಗುರುವಾರಕ್ಕೆ ದಿನ ಸಿಕ್ಕಿದೆ. ಬೆಂಗಳೂರಿಗೆ ಎಫ್‌ಎನ್‌ಎಸಿ ವರದಿಯ ಪ್ರತಿಯಷ್ಟೇ ಸಾಕೇ?

ಉತ್ತರ 1ರವರು

ಸಾಲದು. ಗಾಜಿನ ಸ್ಲೈಡುಗಳನ್ನೇ ಕೇಳಿ ಪಡೆಯಿರಿ, ಗೀಮ್ಸಾ ಮತ್ತು ಪ್ಯಾಪ್ ಬಣ್ಣದವು ಎರಡೂ ಬೇಕು. ಸೆಲ್ ಬ್ಲಾಕ್ ಮಾಡಿದ್ದರೆ ಅದನ್ನೂ ತೆಗೆದುಕೊಳ್ಳಿ; ಸಹಿ ಹಾಕಿಸಿಕೊಂಡು ಕೊಡುತ್ತಾರೆ. ಸ್ಲೈಡುಗಳು ಬಸ್ಸಿನಲ್ಲಿ ಒಡೆಯುವುದೇ ಹೆಚ್ಚು, ಆದ್ದರಿಂದ ಗಟ್ಟಿ ಡಬ್ಬಿಯಲ್ಲಿಟ್ಟು ಕೈಚೀಲದಲ್ಲೇ ಇರಿಸಿಕೊಳ್ಳಿ.