ಲಿಟರಸಿ ಟೆಸ್ಟ್: ‘ಸಾಕ್ಷರತಾ ಪರೀಕ್ಷೆ’ ಎಂದರೆ ಸಾಕೇ?

ಎಲ್ಲರಿಗೂ ನಮಸ್ಕಾರ.

ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಕಪ್ಪು ಜನರನ್ನು ಮತದಾರರ ಪಟ್ಟಿಯಿಂದ ಹೊರಗಿಟ್ಟ ಬಗೆಯನ್ನು ಕುರಿತು ಪ್ರೌಢಶಾಲೆಯ ಮಕ್ಕಳಿಗಾಗಿ ಬರೆಯುತ್ತಿದ್ದೇನೆ. ಅಲ್ಲಿನ ‘ಲಿಟರಸಿ ಟೆಸ್ಟ್’ಗೆ ನಿಘಂಟು ಹಿಡಿದು ‘ಸಾಕ್ಷರತಾ ಪರೀಕ್ಷೆ’ ಎನ್ನಬಹುದು. ಆದರೆ ‘ಸಾಕ್ಷರತೆ’ ಎಂದೊಡನೆ ನಮ್ಮವರಿಗೆ ನೆನಪಾಗುವುದು ರಾತ್ರಿಶಾಲೆ, ಸ್ಲೇಟು ಹಿಡಿದ ಅಜ್ಜಿಯರು, ಜಿಲ್ಲಾ ಸಾಕ್ಷರತಾ ಆಂದೋಲನ. ಎಲ್ಲವೂ ಒಳ್ಳೆಯ ಕೆಲಸಗಳೇ!

ಅಲ್ಲಿ ನಡೆದದ್ದನ್ನು ನೋಡಿ. 1890ರ ಮಿಸಿಸಿಪ್ಪಿ ಸಂವಿಧಾನದ ಪ್ರಕಾರ, ಮತದಾರನಾಗಬೇಕಾದವನು ರಾಜ್ಯ ಸಂವಿಧಾನದ ಯಾವುದಾದರೂ ಭಾಗವನ್ನು ಓದಬೇಕು. ಇಲ್ಲವೇ ಓದಿ ಹೇಳಿದಾಗ ಗ್ರಹಿಸಬೇಕು. ಇಲ್ಲವೇ ಅದಕ್ಕೆ ಸಮಂಜಸವಾದ ಅರ್ಥ ಹೇಳಬೇಕು. ಯಾವ ಭಾಗ, ಯಾವುದು ಸಮಂಜಸ ಎಂಬುದೆಲ್ಲ ಬಿಳಿಯ ಅಧಿಕಾರಿಯ ಮರ್ಜಿ. ಓದು ಬಾರದ ಬಿಳಿಯನಿಗೆ ಆ ‘ಇಲ್ಲವೇ’ಗಳಲ್ಲಿ ದಾರಿಯಿತ್ತು. ಲೂಸಿಯಾನಾದಲ್ಲಿ ಬಿಳಿಯನೊಬ್ಬ ವಾಕ್ ಸ್ವಾತಂತ್ರ್ಯ ಎಂಬುದನ್ನು ಇಂಗ್ಲಿಷಿನಲ್ಲಿ ‘ಫ್ರ್ಡಮ್ ಫೂಫ್ ಸ್ಪೆಟ್ಘ್’ ಎಂದು ಓದಲಾಗದಂತೆ ಗೀಚಿ ಪಾಸಾದದ್ದನ್ನು 1966ರಲ್ಲಿ ಸುಪ್ರೀಂ ಕೋರ್ಟೇ ತೀರ್ಪಿನಲ್ಲಿ ದಾಖಲಿಸಿದೆ. ಅಲಬಾಮಾದ ಟಸ್ಕೀಗಿಯಲ್ಲಿ ಕಾಲೇಜು ಓದಿದ ಕಪ್ಪು ಜನರಿಗೂ ಪಟ್ಟಿಯಲ್ಲಿ ಜಾಗ ಸಿಗುತ್ತಿರಲಿಲ್ಲ. ಇದನ್ನು ಪರೀಕ್ಷೆ ಎನ್ನಲು ನನಗೆ ಮನಸ್ಸು ಬರುತ್ತಿಲ್ಲ.

‘ಓದುಬರಹದ ಜರಡಿ’ ಎಂದು ಗೆಳತಿಯೊಬ್ಬರು ಸೂಚಿಸಿದರು. ಜರಡಿಯ ಕಣ್ಣು ಎಲ್ಲ ಕಾಳಿಗೂ ಒಂದೇ ಅಳತೆಯದು, ಹಾಗಾಗಿ ಒಪ್ಪಲಿಲ್ಲ. ‘ಅರ್ಹತಾ ಪರೀಕ್ಷೆ’ ಎಂದರೆ ಹೊರಗುಳಿದವರು ಅನರ್ಹರೆಂದು ಒಪ್ಪಿದಂತೆ. ‘ಓದುಬರಹದ ನೆಪ’ ನಿಜಕ್ಕೆ ಹತ್ತಿರ. ಆದರೆ ಕಾನೂನಿನ ಹೆಸರಿನೊಳಗೆ ನನ್ನ ತೀರ್ಪನ್ನು ತುರುಕಬಹುದೇ?

ಇನ್ನೊಂದು ತೊಡಕು ‘ಗ್ರ್ಯಾಂಡ್‌ಫಾದರ್ ಕ್ಲಾಸ್’ (clause, ಅಂದರೆ ಕಾನೂನಿನ ಷರತ್ತು). ತಾನು, ತನ್ನ ಅಪ್ಪ ಅಥವಾ ಅಜ್ಜ 1867ರ ಜನವರಿ 1ರಂದು ಇಲ್ಲವೇ ಅದಕ್ಕೂ ಮೊದಲು ಮತದ ಹಕ್ಕು ಪಡೆದಿದ್ದರೆ ಓದುಬರಹದ ಗೊಡವೆ ಇಲ್ಲ ಎಂದು ಲೂಸಿಯಾನಾ 1898ರಲ್ಲಿ ಬರೆದುಕೊಂಡಿತು. 1867ರ ಆ ದಿನದಂದು ಅಲ್ಲಿನ ಕಪ್ಪು ಜನರಿಗೆ ಹಕ್ಕೇ ಇರಲಿಲ್ಲ. ಪಟ್ಟಿಯಲ್ಲಿದ್ದ ಕಪ್ಪು ಮತದಾರರು 1896ರಲ್ಲಿ 1,30,334, 1900ರಲ್ಲಿ 5,320. ‘ಅಜ್ಜನ ಷರತ್ತು’ ಎಂದರೆ ಅಜ್ಜ ಹಾಕಿದ ಷರತ್ತು ಎಂದಾಗುತ್ತದೆ. ಸದ್ಯಕ್ಕೆ ‘ಅಜ್ಜನ ಹೆಸರಿನ ವಿನಾಯಿತಿ’ ಎಂದು ಬರೆದಿದ್ದೇನೆ. ಇಂಥ ವಿನಾಯಿತಿ 1915ರಲ್ಲೇ ಕೋರ್ಟಿನಲ್ಲಿ ಬಿದ್ದುಹೋಯಿತು. ಪರೀಕ್ಷೆಗಳಿಗೆ ತಡೆ ಬಿದ್ದದ್ದು 1965ರ ಮತದಾನ ಹಕ್ಕು ಕಾಯಿದೆಯಿಂದ.

ನಮ್ಮಲ್ಲಿ 1951ರ ಜನಗಣತಿಯಲ್ಲಿ ಸಾಕ್ಷರರು ಶೇ 18ರ ಆಸುಪಾಸು. ಆದರೂ ಮೊದಲ ಸಾರ್ವತ್ರಿಕ ಚುನಾವಣೆಯಲ್ಲೇ ವಯಸ್ಕರೆಲ್ಲರಿಗೂ ಮತ, ಓದು ಬಾರದವರಿಗೆಂದು ಚಿಹ್ನೆ. ಅದಕ್ಕೂ ಮೊದಲು, ಬ್ರಿಟಿಷರ ಕಾಲದ 1935ರ ಭಾರತ ಸರ್ಕಾರ ಕಾಯಿದೆಯಡಿ, ಮತದಾರರಾಗಲು ಆಸ್ತಿ, ತೆರಿಗೆ, ವಿದ್ಯೆಗಳ ಲೆಕ್ಕವಿತ್ತು. ಆ ಕಾಲದ ಕನ್ನಡ ಪತ್ರಿಕೆಗಳು ಈ ವಿದ್ಯೆಯ ಷರತ್ತನ್ನು ಏನೆಂದು ಕರೆದಿದ್ದವು? ಹಳೆಯ ಸಂಚಿಕೆಗಳನ್ನು ಕಂಡವರು ದಯವಿಟ್ಟು ತಿಳಿಸಿ.