ಕಾದಂಬರಿ ಏಳನೇ ಅಧ್ಯಾಯದಲ್ಲೇ ನಿಂತಿದೆ, ರೈಟರ್ಸ್ ಬ್ಲಾಕ್‌ಗೆ ಕೂತಲ್ಲೇ ಮಾಡುವಂಥದ್ದು ಏನಿದೆ?

ಅರ್ಧವಿರಾಮ:
ಸುಮಾರು 22,000 ಪದಗಳಾಗಿರುವ ಕಾದಂಬರಿ. ಏಳನೇ ಅಧ್ಯಾಯದ ಮೊದಲ ಪ್ಯಾರಾ ಬರೆಯುವುದು, ಅಳಿಸುವುದು, ಇಷ್ಟೇ ನಡೆಯುತ್ತಿದೆ. ಕಥೆ ಎಲ್ಲಿ ಮುಗಿಯಬೇಕೆಂದು ಗೊತ್ತು, ಅಲ್ಲಿಗೆ ಹೋಗುವ ದಾರಿ ಮಾತ್ರ ಕಾಣುತ್ತಿಲ್ಲ. "ಒಂದು ಸುತ್ತು ನಡೆದು ಬನ್ನಿ, ಸ್ಫೂರ್ತಿ ತಾನಾಗೇ ಬರುತ್ತೆ" ಎನ್ನುವ ಸಲಹೆ ದಯವಿಟ್ಟು ಬೇಡ. ಕೂತ ಮೇಲೆ ಏನು ಮಾಡಬೇಕು, ಎಷ್ಟು ಹೊತ್ತು, ಯಾವ ಕ್ರಮದಲ್ಲಿ, ಅದನ್ನು ಹೇಳಿ. ಇನ್ನೊಂದು: ಒಂದೆರಡು ತಿಂಗಳು ಪಕ್ಕಕ್ಕಿಡುವುದು ಒಳ್ಳೆಯದೋ, ಹಟ ಹಿಡಿದು ಕೂರುವುದೋ?

ಕರಡುಪ್ರತಿ:
ಮೊದಲು ಎಲ್ಲಿ ನಿಲ್ಲುತ್ತಿದೆ ಅಂತ ನೋಡಿಕೊಳ್ಳಿ. ಬ್ಲಾಕ್ ಅನ್ನುವ ಒಂದೇ ಹೆಸರಿನಡಿ ಕನಿಷ್ಠ ಮೂರು ಬೇರೆ ಬೇರೆ ತೊಂದರೆಗಳಿರುತ್ತವೆ, ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ. ವಾಕ್ಯವೇ ಹುಟ್ಟುತ್ತಿಲ್ಲ ಅಂದರೆ ಸಾಮಾನ್ಯವಾಗಿ ಕೈಯಲ್ಲಿರುವ ವಿಷಯ ಸಾಲದು. ಆಗ ಬರವಣಿಗೆ ಬಿಟ್ಟು ಪಾತ್ರದ ಕೆಲಸ, ಮನೆ, ಕಾಲದ ಬಗ್ಗೆ ಮಾಹಿತಿ ಕೂಡಿಸಬೇಕು. ವಾಕ್ಯ ಹುಟ್ಟಿದ ಕೂಡಲೇ ಅಳಿಸುತ್ತಿದ್ದರೆ, ಬರೆಯುವುದು ಮತ್ತು ತಿದ್ದುವುದು ಎರಡೂ ಒಟ್ಟಿಗೆ ನಡೆಯುತ್ತಿವೆ ಎಂದರ್ಥ. ವಾಕ್ಯ ಚೆನ್ನಾಗಿಯೇ ಬಂದು ದೃಶ್ಯ ಮುಂದೆ ಹೋಗದಿದ್ದರೆ ದೋಷ ಕಥೆಯ ಹೆಣಿಗೆಯಲ್ಲಿದೆ. ನಿಮ್ಮದು ಎರಡನೆಯದೂ ಹೌದು, ಮೂರನೆಯದೂ ಹೌದು ಅನಿಸುತ್ತದೆ.

ಅಳಿಸುವ ವಿಷಯಕ್ಕೆ ಬರುತ್ತೇನೆ. ಮೈಕ್ ರೋಸ್ ಎಂಬ ಸಂಶೋಧಕ 1980ರ ತನ್ನ ಲೇಖನದಲ್ಲಿ ಹತ್ತು ಕಾಲೇಜು ವಿದ್ಯಾರ್ಥಿಗಳನ್ನು ಹೋಲಿಸಿದ್ದಾನೆ: ಐವರು ಬರೆಯಲು ಒದ್ದಾಡುವವರು, ಐವರು ಸಲೀಸಾಗಿ ಬರೆಯುವವರು. ಒದ್ದಾಡುವವರಿಗೆ ಭಾಷೆಯ ಬಡತನವೇನೂ ಇರಲಿಲ್ಲ. ಮೊದಲ ಪ್ಯಾರಾದಲ್ಲೇ ಓದುಗನನ್ನು ಹಿಡಿದುಬಿಡಬೇಕು ಎಂಬಂಥ ನಿಯಮಗಳನ್ನು ಅವರು ಒಂಚೂರೂ ಸಡಿಲಿಸುತ್ತಿರಲಿಲ್ಲ. ಉಳಿದ ಐವರಲ್ಲೂ ನಿಯಮಗಳಿದ್ದವು, ಆದರೆ ಕೆಲಸಕ್ಕೆ ಬಾರದಾಗ ಬಿಟ್ಟುಬಿಡುತ್ತಿದ್ದರು.

ಮಾಡಬೇಕಾದದ್ದು ಇಷ್ಟು. ಹತ್ತು ನಿಮಿಷಕ್ಕೆ ಟೈಮರ್ ಇಡಿ. ಅಳಿಸುವ ಕೀ ಮುಟ್ಟಬೇಡಿ, ಮೇಲಕ್ಕೆ ಸ್ಕ್ರೋಲ್ ಮಾಡಬೇಡಿ. ಪದ ಸಿಗದಿದ್ದರೆ ಮೂರು ಚುಕ್ಕೆ ಹಾಕಿ ಮುಂದೆ ಹೋಗಿ. ವರ್ಣನೆ ಹೊಳೆಯದಿದ್ದರೆ "ಇಲ್ಲಿ ಮನೆಯ ವಿವರ" ಅಂತ ಚೌಕ ಕಂಸದಲ್ಲಿ ಬರೆದು ದಾಟಿಬಿಡಿ, ಆಮೇಲೆ ಹುಡುಕಿದರೆ ಎಲ್ಲ ಕಂಸಗಳೂ ಒಟ್ಟಿಗೆ ಸಿಗುತ್ತವೆ. ಐದು ನಿಮಿಷ ಎದ್ದು ಹೋಗಿ ಬಂದು ಓದಿ, ಜೀವ ಇರುವ ಸಾಲುಗಳಿಗೆ ಮಾತ್ರ ಗೆರೆ ಎಳೆಯಿರಿ. ಮುಕ್ಕಾಲು ಪಾಲು ಕಸವೇ ಇರುತ್ತದೆ, ಇರಲಿ.

ಇದು ಕೆಲಸ ಮಾಡದೇ ಹೋಗುವುದು ಎರಡು ಕಡೆ. "ಮನಸ್ಸಿಗೆ ಬಂದದ್ದು ಬರಿ" ಅಂತ ಶುರು ಮಾಡಿದರೆ ಬರುವುದು ದಿನಚರಿ, ಕಾದಂಬರಿ ಅಲ್ಲ. ಹಾಗಾಗಿ ಮೊದಲ ಸಾಲನ್ನು ಕಟ್ಟಿಹಾಕಿ: "ಈ ದೃಶ್ಯದಲ್ಲಿ ಅವಳು ಮುಚ್ಚಿಡುತ್ತಿರುವುದು ಏನೆಂದರೆ..." ಎರಡನೆಯದು, ಬರೆದದ್ದನ್ನು ಹಾಗೇ ಎತ್ತಿ ಅಧ್ಯಾಯಕ್ಕೆ ಅಂಟಿಸುವುದು. ಬೇರೆ ಫೈಲಿನಲ್ಲಿರಲಿ, ಗೆರೆ ಎಳೆದ ಸಾಲುಗಳನ್ನಷ್ಟೇ ಎದುರಿಗಿಟ್ಟುಕೊಂಡು ಅಧ್ಯಾಯವನ್ನು ಹೊಸದಾಗಿ ಬರೆಯಿರಿ.

ಒಳದಾರಿ:
ಕರಡುಪ್ರತಿ ಹೇಳಿದ ಮೂರನೆಯದರ ಬಗ್ಗೆ. ಬರವಣಿಗೆ ನಿಂತ ಜಾಗದಲ್ಲೇ ತಪ್ಪಿರುವುದು ಅಪರೂಪ. ಬಹುಪಾಲು ಒಂದೆರಡು ದೃಶ್ಯ ಹಿಂದೆ ಏನೋ ಆಗಿರುತ್ತದೆ. ಪಾತ್ರಕ್ಕೆ ಬೇಕಿದ್ದದ್ದು ಬೇಗ ಸಿಕ್ಕಿಬಿಟ್ಟಿರುತ್ತದೆ, ಅಥವಾ ಓದುಗನಿಂದ ಬಚ್ಚಿಡಬೇಕಾದದ್ದನ್ನು ಬಿಟ್ಟುಕೊಟ್ಟಿರುತ್ತೀರಿ. ಮುಂದೆ ಎಳೆಯುವುದಕ್ಕೆ ಏನೂ ಉಳಿದಿರುವುದಿಲ್ಲ.

ಆರೂ ಅಧ್ಯಾಯಗಳ ಪ್ರತಿ ದೃಶ್ಯಕ್ಕೂ ಒಂದೊಂದು ಸಾಲು ಬರೆಯಿರಿ. ಮೂರು ಕಾಲಂ ಸಾಕು: ಯಾರಿಗೆ ಏನು ಬೇಕಿತ್ತು, ಸಿಕ್ಕಿದ್ದೇನು, ಬದಲಾದದ್ದೇನು. ದೃಶ್ಯಕ್ಕೆ ಸಾವಿರದಿಂದ ಸಾವಿರದೈನೂರು ಪದ ಅಂತ ಹಿಡಿದರೆ ನಿಮ್ಮಲ್ಲಿ ಹದಿನೈದರಿಂದ ಇಪ್ಪತ್ತೆರಡು ದೃಶ್ಯ ಇರಬಹುದು, ಒಂದು ಸಂಜೆಯ ಕೆಲಸ. ಈಗ ಒಂದು ಸಾಲಿಗೂ ಮುಂದಿನ ಸಾಲಿಗೂ ನಡುವೆ "ಹಾಗಾಗಿ" ಅಥವಾ "ಆದರೆ" ಇಟ್ಟು ಓದಿ ನೋಡಿ. ಎಲ್ಲಿ "ಆಮೇಲೆ" ಬಿಟ್ಟು ಬೇರೇನೂ ಹೊಂದುವುದಿಲ್ಲವೋ ಅಲ್ಲಿ ಘಟನೆಗಳು ಬರೀ ಸಾಲಾಗಿ ನಿಂತಿವೆ, ಒಂದು ಇನ್ನೊಂದನ್ನು ಹುಟ್ಟಿಸುತ್ತಿಲ್ಲ. ಕೊನೆಯ ನಾಲ್ಕೈದು ಸಾಲಿನಲ್ಲಿ ಅಂಥದ್ದು ಎರಡು ಕಡೆ ಸಿಕ್ಕರೆ ಅಲ್ಲಿಂದಲೇ ತಿದ್ದಬೇಕು.

ಅಂತ್ಯ ಗೊತ್ತು ಅಂದಿರಲ್ಲ, ಅದು ದೊಡ್ಡ ಅನುಕೂಲ. ಅಲ್ಲಿಂದ ಹಿಂದಕ್ಕೆ ಬನ್ನಿ. ಹೀಗಾಗಬೇಕಾದರೆ ಅದಕ್ಕೆ ಸ್ವಲ್ಪ ಮೊದಲು ಏನು ಆಗಿರಲೇಬೇಕು? ಅದಕ್ಕೂ ಮೊದಲು? ಐದಾರು ಮೆಟ್ಟಿಲು ಹೀಗೆ ಇಳಿದರೆ ಏಳನೇ ಅಧ್ಯಾಯ ಹೊರಬೇಕಾದ ಕೆಲಸ ಯಾವುದು ಅಂತ ಗೊತ್ತಾಗುತ್ತದೆ. ಕೆಲವೊಮ್ಮೆ ಅದಕ್ಕೆ ಅಧ್ಯಾಯವೇ ಬೇಡ, ಎರಡು ಪ್ಯಾರಾ ಸಾಕು ಎಂದೂ ಆಗುತ್ತದೆ!

ಒಂದು ಎಚ್ಚರಿಕೆ: ಹಿಂದೆ ತಪ್ಪು ಸಿಕ್ಕಿತು ಅಂತ ಮೊದಲ ಪುಟದಿಂದ ತಿದ್ದಲು ಹೋಗಬೇಡಿ. ಅಂಚಿನಲ್ಲಿ "ಇಲ್ಲಿ ಪತ್ರ ಅವಳ ಕೈಗೆ ಸೇರಿಲ್ಲ" ಅಂತ ಗುರುತು ಹಾಕಿ, ತಿದ್ದಿ ಆಗಿದೆ ಎಂದೇ ಭಾವಿಸಿ ಮುಂದಿನದನ್ನು ಬರೆಯಿರಿ. ಒಂದನೇ ಅಧ್ಯಾಯವನ್ನೇ ಹತ್ತು ಸಲ ಹೊಳಪು ಮಾಡಿ ಮುಂದೆ ಹೋಗದ ಕಾದಂಬರಿಗಳಿಗೇನೂ ಬರವಿಲ್ಲ.

ಒತ್ತಕ್ಷರ:
ಸಣ್ಣ ವಿಷಯ, ಆದರೆ ಯಾರೂ ಹೇಳುವುದಿಲ್ಲ. ಸ್ಪೆಲ್ ಚೆಕ್ ಆಫ್ ಮಾಡಿ. ಕನ್ನಡದ ನಿಘಂಟು ಸರಿಯಾಗಿಲ್ಲದ ಕಡೆ ಅರ್ಧಕ್ಕರ್ಧ ಪದಗಳ ಕೆಳಗೆ ಕೆಂಪು ಗೆರೆ ಬಿದ್ದು, ಬರೆದದ್ದೆಲ್ಲ ತಪ್ಪೇನೋ ಅನಿಸುತ್ತದೆ. ಪ್ರತ್ಯಯ ಸೇರಿದ ಉದ್ದ ಪದಗಳಿಗಂತೂ ಗೆರೆ ಖಾತ್ರಿ. ಟೈಪಿಂಗ್ ನಿಧಾನವಿದ್ದರೆ ಮೊದಲ ಕರಡು ಕೈಬರಹದಲ್ಲೇ ಇರಲಿ, ಒತ್ತು ಕೊಂಬು ಹುಡುಕುವಷ್ಟರಲ್ಲಿ ವಾಕ್ಯದ ಬಾಲ ಮರೆತಿರುತ್ತದೆ. ಧ್ವನಿ ಟೈಪಿಂಗ್ ಸಂಭಾಷಣೆಗೆ ಚೆನ್ನಾಗಿ ಒದಗುತ್ತದೆ, ಆದರೆ ಪೂರ್ಣವಿರಾಮಗಳನ್ನು ನಂಬಬೇಡಿ, ಅದೇ ದಿನ ಕೂತು ಸರಿಮಾಡಿ. ವಾರ ಬಿಟ್ಟು ನೋಡಿದರೆ ಯಾವ ಮಾತು ಯಾರದ್ದು ಅಂತ ನಿಮಗೇ ತಿಳಿಯುವುದಿಲ್ಲ.

ಅರ್ಧವಿರಾಮ:
ಮೂವರಿಗೂ ಧನ್ಯವಾದ. "ಆಮೇಲೆ" ಪರೀಕ್ಷೆ ಮಾಡುತ್ತೇನೆ. ದಿನಕ್ಕೆ ಎಷ್ಟು ಹೊತ್ತು ಅನ್ನುವುದು ಮತ್ತು ಬಿಟ್ಟಿಡುವ ಪ್ರಶ್ನೆ ಉಳಿಯಿತು.

ಕರಡುಪ್ರತಿ:
ದಿನಕ್ಕೆ ಅರ್ಧ ಗಂಟೆ, ಒಂದೇ ಹೊತ್ತಿಗೆ, ವಾರಕ್ಕೆ ಐದು ದಿನ. ಗುರಿ 200 ಪದ, ಹೆಚ್ಚು ಇಟ್ಟುಕೊಳ್ಳಬೇಡಿ. ರಾಬರ್ಟ್ ಬಾಯ್ಸ್ ಎಂಬ ಮನಶ್ಶಾಸ್ತ್ರಜ್ಞ 1983ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮನಸ್ಸು ಬಂದಾಗ ಬರೆಯುತ್ತೇವೆ ಅಂದವರಿಗಿಂತ ನಿಗದಿತ ವೇಳೆಗೆ ಕೂರಲೇಬೇಕಾಗಿದ್ದ ಅಧ್ಯಾಪಕರು ಹೆಚ್ಚು ಪುಟ ಬರೆದರು, ಅವರಿಗೆ ಹೊಸ ಆಲೋಚನೆಗಳೂ ಹೆಚ್ಚು ಹೊಳೆದವು. ಹುಮ್ಮಸ್ಸಿನಲ್ಲಿ ಒಂದೇ ದಿನ 3,000 ಪದ ಬರೆದರೆ ಮರುದಿನ ಕೂರಲು ಬೇಸರ ಬರುತ್ತದೆ, ಆದ್ದರಿಂದ ಹೊತ್ತಾದ ಕೂಡಲೇ ಏಳಿ. ಏಳುವ ಮುಂಚೆ ಮುಂದಿನ ದೃಶ್ಯ ಯಾರ ಮಾತಿನಿಂದ ಶುರುವಾಗುತ್ತದೆ ಅಂತ ಒಂದು ಸಾಲು ಬರೆದಿಡಿ.

ಬಿಟ್ಟಿಡುವುದಾದರೆ ಹತ್ತು ದಿನ, ಮರಳಿ ಕೂರುವ ತಾರೀಕು ಕ್ಯಾಲೆಂಡರಿನಲ್ಲಿ ಬರೆದು. ಒಳದಾರಿಯವರ ಪಟ್ಟಿ ಮುಗಿಸಿದ ಮೇಲೆ ಬಿಟ್ಟರೆ ಲಾಭವಿದೆ; ಗೊಂದಲದಲ್ಲೇ ಬಿಟ್ಟರೆ ಎರಡು ತಿಂಗಳ ನಂತರ ಅದೇ ಗೊಂದಲ, ಜೊತೆಗೆ ಪಾತ್ರಗಳ ವಿವರವೂ ಮರೆತಿರುತ್ತದೆ. ಬರವಣಿಗೆ ಮಾತ್ರವಲ್ಲ, ಯಾವುದರಲ್ಲೂ ಆಸಕ್ತಿ ಇಲ್ಲ, ನಿದ್ದೆ ಊಟ ಏರುಪೇರು, ಎರಡು ವಾರದಿಂದ ಹೀಗೇ ಅಂತಿದ್ದರೆ ಮಾತ್ರ ಇದ್ಯಾವುದೂ ಉಪಯೋಗವಿಲ್ಲ, ವೈದ್ಯರನ್ನು ನೋಡಿ.

ಒಳದಾರಿ:
200 ಪದದ ಲೆಕ್ಕಕ್ಕೆ ನನ್ನ ತಕರಾರಿದೆ. ಹೆಣಿಗೆ ತಪ್ಪಿರುವಾಗ ದಿನವೂ 200 ಪದ ಸೇರಿಸಿದರೆ ತಪ್ಪು ದಾರಿಯಲ್ಲೇ ವಾರಕ್ಕೆ ಸಾವಿರ ಪದ ದೂರ ಹೋಗಿರುತ್ತೀರಿ, ಆಮೇಲೆ ಕತ್ತರಿಸಲು ಮನಸ್ಸು ಬರುವುದಿಲ್ಲ. ಮೊದಲ ವಾರ ಆ ಅರ್ಧ ಗಂಟೆಯನ್ನು ಪಟ್ಟಿಗೇ ಕೊಡಿ. ಪದ ಎಣಿಸುವುದು ಎರಡನೇ ವಾರದಿಂದ.