ಅಪ್‌ಡೇಟ್: ಅವ್ವನ ಪಾಲಿನ ಕೇಸು ಮತ್ತೆ ಕೆಳಗಿನ ಕೋರ್ಟಿಗೆ

ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟ ಹಿಂದೂ ಉತ್ತರಾಧಿಕಾರ ಕಾಯ್ದೆಯ ತಿದ್ದುಪಡಿ ಬಂದದ್ದು 2005ರಲ್ಲಿ; ಅಜ್ಜ ಅದಕ್ಕಿಂತ ಮೊದಲೇ ತೀರಿಕೊಂಡರು, ಹಾಗಾಗಿ ಪಿತ್ರಾರ್ಜಿತ ತೊಗರಿ ಹೊಲದಲ್ಲಿ ಅವ್ವನಿಗೆ ಪಾಲಿಲ್ಲ ಅಂತ ದಾವೆ ವಜಾ ಆಗಿದೆ, ಮುಂದೇನು ಅಂತ ಕೇಳಿದ್ದೆನಲ್ಲ? ಹೈಕೋರ್ಟಿನ ಕಲಬುರಗಿ ಪೀಠ ಆ ತೀರ್ಪು ರದ್ದು ಮಾಡಿ, ಹೊಸದಾಗಿ ವಿಚಾರಿಸಿ ಅಂತ ಕೇಸನ್ನು ವಾಪಸ್ ಕಳಿಸಿದೆ. ಕೆಳಗಿನ ಕೋರ್ಟು ನೆಚ್ಚಿಕೊಂಡಿದ್ದು, ತಿದ್ದುಪಡಿ ಜಾರಿಯಾದ ದಿನ ತಂದೆ ಬದುಕಿದ್ದರೆ ಮಾತ್ರ ಮಗಳಿಗೆ ಪಾಲು ಅಂದ ಸುಪ್ರೀಂ ಕೋರ್ಟಿನ 2015ರ ಫೂಲವತಿ ತೀರ್ಪನ್ನು. ಅದನ್ನು ಸುಪ್ರೀಂ ಕೋರ್ಟೇ 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ತಳ್ಳಿಹಾಕಿದೆ. ಮಗಳ ಹಕ್ಕು ಹುಟ್ಟಿನಿಂದಲೇ ಬರುತ್ತದೆ, ತಿದ್ದುಪಡಿ ಜಾರಿಯಾದ 2005ರ ಸೆಪ್ಟೆಂಬರ್ 9ರಂದು ತಂದೆ ಬದುಕಿರಬೇಕೆಂದಿಲ್ಲ. ಸಂವಿಧಾನದ 141ನೇ ವಿಧಿ ಪ್ರಕಾರ ಇದು ಎಲ್ಲ ಕೋರ್ಟುಗಳಿಗೂ ಕಡ್ಡಾಯ.

ಮನೆಯಲ್ಲಿ ಆಗಲೇ ಪೇಢೆ ಹಂಚಿದರು. ನನಗೆ ಅಷ್ಟು ಧೈರ್ಯ ಇಲ್ಲ! ಬಾಯಿಮಾತಿನಲ್ಲಿ ಎಂದೋ ಪಾಲಾಗಿದೆ ಅನ್ನೋ ಸೋದರಮಾವಂದಿರ ವಾದ ಹಾಗೇ ಉಳಿದಿದೆ. ಅಂಥದ್ದಕ್ಕೆ ಸರ್ಕಾರಿ ದಾಖಲೆಯ ಬಲ ಬೇಕು ಅಂತಲೂ 2020ರ ತೀರ್ಪಿನಲ್ಲಿದೆ. ಹಳೇ ಪಹಣಿಗಳಿಗೆ ಅರ್ಜಿ ಹಾಕಿದ್ದೇನೆ.